ಎಲ್ಲೆಯಿಲ್ಲದ ವ್ರತ



ಹಿಂಸೆ ಪಾಪವೆಂಬುದನ್ನು ಒಪ್ಪದವರು ಈ ಸಭೆಯಲ್ಲಿ ಯಾರೂ ಇರಲಾರರು. ಇರುವೆಯ ಗೂಡಿಗೆ ಸಕ್ಕರೆ ಹಾಕುವ ತಾಯಂದಿರು ಇಲ್ಲಿದ್ದೀರಿ. ಆದರೂ ಮಠಕ್ಕೆ ಬರುವವರ ಬಾಯಲ್ಲಿ ನಾವು ಒಂದು ಮಾತನ್ನು ಮತ್ತೆ ಮತ್ತೆ ಕೇಳುತ್ತೇವೆ: "ಹಿಂಸೆ ತಪ್ಪೇ ಬುದ್ಧಿ, ಆದರೆ..." ಆ "ಆದರೆ" ಎಂಬ ಮೂರಕ್ಷರವೇ ಇಂದಿನ ನಮ್ಮ ವಿಷಯ.

ಪತಂಜಲಿ ಮಹರ್ಷಿಗಳು ಯೋಗಸೂತ್ರದ ಎರಡನೆಯ ಪಾದದಲ್ಲಿ ಅಹಿಂಸೆ ಮೊದಲಾದ ಐದು ಯಮಗಳನ್ನು ಹೇಳಿ, ಅವು ಮಹಾವ್ರತವಾಗುವುದು ಯಾವಾಗ ಎಂಬುದನ್ನೂ ತಿಳಿಸಿದ್ದಾರೆ. ಜಾತಿ, ದೇಶ, ಕಾಲ, ಸಮಯ ಎಂಬ ನಾಲ್ಕು ಎಲ್ಲೆಗಳನ್ನು ದಾಟಿದಾಗ ಮಾತ್ರ. ಇದಕ್ಕೆ ವ್ಯಾಸಭಾಷ್ಯದಲ್ಲಿ ಸೊಗಸಾದ ಉದಾಹರಣೆಗಳಿವೆ. ಮೀನುಗಾರನು ಮೀನನ್ನಲ್ಲದೆ ಬೇರೇನನ್ನೂ ಕೊಲ್ಲುವುದಿಲ್ಲ. ಅದು ಜಾತಿಯ ಎಲ್ಲೆ. ಇನ್ನೊಬ್ಬನು ತೀರ್ಥಕ್ಷೇತ್ರದಲ್ಲಿ ಕೊಲ್ಲುವುದಿಲ್ಲ. ಅದು ದೇಶದ ಎಲ್ಲೆ. ಮತ್ತೊಬ್ಬನು ಚತುರ್ದಶಿಯ ದಿನ ಕೊಲ್ಲುವುದಿಲ್ಲ. ಅದು ಕಾಲದ ಎಲ್ಲೆ. ಸಮಯವೆಂದರೆ ಇಲ್ಲಿ ಗಡಿಯಾರದ ಸಮಯವಲ್ಲ, ಕಟ್ಟುಪಾಡು. ಯುದ್ಧದಲ್ಲಲ್ಲದೆ ಬೇರೆಲ್ಲಿಯೂ ಕೊಲ್ಲೆನೆಂಬ ಕ್ಷತ್ರಿಯನದು ಆ ಎಲ್ಲೆ. ಇವರೆಲ್ಲರಲ್ಲಿಯೂ ಅಷ್ಟಿಷ್ಟು ಅಹಿಂಸೆಯಿದೆ, ಮಹಾವ್ರತವಿಲ್ಲ. ಪ್ರತಿಯೊಬ್ಬನೂ ತನಗೆ ಬೇಕಾದ ಒಂದು ಬಾಗಿಲನ್ನು ತೆರೆದಿಟ್ಟುಕೊಂಡಿದ್ದಾನೆ.

ಆ ಬಾಗಿಲನ್ನು ಮುಚ್ಚುವುದು ದೊಡ್ಡವರಿಗೂ ಕಷ್ಟ. ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿ ಕಳಿಂಗವನ್ನು ಗೆದ್ದನು. ಅಲ್ಲಿ ಒಂದು ಲಕ್ಷ ಜನ ಹತರಾದರು, ಒಂದೂವರೆ ಲಕ್ಷ ಜನ ಸೆರೆಯಾಗಿ ಹೋದರು, ಅದರ ಎಷ್ಟೋ ಪಟ್ಟು ಜನ ಮತ್ತೆ ಸತ್ತರು ಎಂದು ತನ್ನ ಹದಿಮೂರನೆಯ ಶಿಲಾಶಾಸನದಲ್ಲಿ ತಾನೇ ಬರೆಯಿಸಿ ಪಶ್ಚಾತ್ತಾಪಪಟ್ಟನು. ಪ್ರಜೆಗಳೆಲ್ಲರೂ ತನ್ನ ಮಕ್ಕಳೆಂದು ಸಾರುವ ಅವನ ಬೇರೊಂದು ಶಾಸನ ಕಳಿಂಗದಲ್ಲಿದೆ. ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿಯೂ ದೊರೆತಿದೆ. ಇಂತಹ ಅಶೋಕನು ಮರಣದಂಡನೆಯನ್ನು ಮಾತ್ರ ಬಿಡಲಿಲ್ಲ. ಸಾಯಬೇಕಾದವರಿಗೆ ಮೂರು ದಿನದ ಗಡುವು ಕೊಟ್ಟನು, ಅಷ್ಟೆ. ಯುದ್ಧಭೂಮಿಯಲ್ಲಿ ಹುಟ್ಟಿದ ದಯೆ ವಧಾಸ್ಥಾನದ ಬಾಗಿಲಲ್ಲಿ ನಿಂತುಬಿಟ್ಟಿತು.

ಅಶೋಕನನ್ನು ಹಳಿಯುವುದಕ್ಕೆ ಇದನ್ನು ಹೇಳಲಿಲ್ಲ. ನಮ್ಮ ದಯೆ ಎಲ್ಲಿ ನಿಂತಿದೆ? ಅನೇಕರ ಮನೆಯಲ್ಲಿ ಅದು ಬಸುರಿಯ ಬಾಗಿಲಲ್ಲಿ ನಿಂತಿದೆ. ಆರು ವರ್ಷದವರೆಗಿನ ಒಂದು ಸಾವಿರ ಗಂಡುಮಕ್ಕಳಿಗೆ ನಮ್ಮ ದೇಶದಲ್ಲಿ 1991ರಲ್ಲಿ 945 ಹೆಣ್ಣುಮಕ್ಕಳಿದ್ದರು. 2001ರಲ್ಲಿ 927 ಆದರು. 2011ರಲ್ಲಿ 920ಕ್ಕಿಂತಲೂ ಕೆಳಗಿಳಿದರು. ಭ್ರೂಣದ ಲಿಂಗಪತ್ತೆಯನ್ನು ನಿಷೇಧಿಸುವ ಕಾನೂನು 1994ರಲ್ಲಿಯೇ ಬಂದಿದೆ. ಆದರೂ 2023ರಲ್ಲಿ ಮಂಡ್ಯ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರವಿಟ್ಟು ಗರ್ಭದೊಳಗಿನ ಹೆಣ್ಣನ್ನು ಹುಡುಕುತ್ತಿದ್ದ ಜಾಲವನ್ನು ಪೊಲೀಸರು ಬಯಲಿಗೆಳೆದರು. ಬೆಲ್ಲ ಬೇಯುವ ಮನೆಯಲ್ಲಿ ಎಂತಹ ಕಹಿ ಬೆಂದಿತು, ನೋಡಿ!

ಈ ಪಾಪ ಯಾರದು? ಹಿಂಸೆಯನ್ನು ತಾನು ಮಾಡುವುದು, ಬೇರೆಯವರಿಂದ ಮಾಡಿಸುವುದು, ಮಾಡಿದವರನ್ನು ಅನುಮೋದಿಸುವುದು ಎಂದು ಪತಂಜಲಿಗಳು ಮೂರು ಬಗೆ ಮಾಡಿದ್ದಾರೆ. ಮಾಡಿದವನು ಯಂತ್ರದ ಮುಂದೆ ಕುಳಿತವನು. ಮಾಡಿಸಿದವರು "ಈ ಸಲವೂ ಹೆಣ್ಣಾದರೆ ತವರಿಗೆ ನಡೆ" ಎಂದ ಅತ್ತೆ, ಗಂಡ. ಅನುಮೋದಿಸಿದವರು ವರದಕ್ಷಿಣೆಯ ಮದುವೆಯಲ್ಲಿ ಕುಳಿತು ಹೋಳಿಗೆ ಉಂಡು ಬಂದ ಊರಿನವರು. ಆ ಬಸುರಿ ಹೆಂಗಸು ಈ ಮೂವರ ನಡುವೆ ರಕ್ತ ಸುರಿಸಿದವಳು. ಅವಳ ಮೇಲೆ ಕಲ್ಲೆಸೆಯುವುದು ಇನ್ನೊಂದು ಹಿಂಸೆ.

ಹೆಣ್ಣಾಗಲಿ ಗಂಡಾಗಲಿ, ಗರ್ಭದಲ್ಲಿರುವುದು ಜೀವವೇ. ಬಡತನಕ್ಕೋ ಲೋಕಾಪವಾದಕ್ಕೋ ಅಂಜಿ ಅದನ್ನು ಕಳೆಯಬೇಡಿರೆಂದು ನಾವು ಹೇಳುತ್ತೇವೆ. ಆದರೆ ಹಾಗೆ ಹೇಳಿದವರು ಸುಮ್ಮನೆ ಕುಳಿತುಕೊಳ್ಳುವಂತಿಲ್ಲ. ಆ ತಾಯಿಯ ಬಾಣಂತನಕ್ಕೆ ಅಕ್ಕಿ, ತುಪ್ಪ ಒದಗಿಸಬೇಕು. ಹುಟ್ಟಿದ ಕೂಸಿಗೆ ಹಾಲಿನ ದಾರಿ ನೋಡಬೇಕು. ಉಪದೇಶವೊಂದನ್ನೇ ಕೊಟ್ಟರೆ ಅದು ಅರ್ಧ ದಯೆ.

ಗರ್ಭದ ಮಾತಿಗೂ ಯುದ್ಧದ ಮಾತಿಗೂ ಏನು ಸಂಬಂಧ ಎನ್ನುವಿರಾ? 1945ರ ಆಗಸ್ಟ್ 6ರಂದು ಹಿರೋಶಿಮಾ ನಗರದ ಮೇಲೆ ಬಿದ್ದ ಒಂದೇ ಬಾಂಬಿನಿಂದ ಆ ವರ್ಷದ ಕೊನೆಯೊಳಗೆ ಸುಮಾರು 1,40,000 ಜನ ಸತ್ತರು. ಅಂದು ತಾಯ ಗರ್ಭದಲ್ಲಿದ್ದು ಉಳಿದ ಮಕ್ಕಳಲ್ಲಿ ಕೆಲವರು ಚಿಕ್ಕ ತಲೆಯವರಾಗಿ, ಬುದ್ಧಿ ಬೆಳೆಯದವರಾಗಿ ಹುಟ್ಟಿದರು. ಬಾಂಬಿಗೆ ಗರ್ಭ ಬೇರೆ, ರಣರಂಗ ಬೇರೆ ಎಂಬ ಭೇದವಿಲ್ಲ. ಇಂತಹ ಅಸ್ತ್ರವನ್ನು 1998ರ ಮೇ ತಿಂಗಳಲ್ಲಿ ಪೋಖರಣದಲ್ಲಿ ಪರೀಕ್ಷಿಸಿದಾಗ ನಮ್ಮ ಬೀದಿಗಳಲ್ಲಿ ಸಿಹಿ ಹಂಚಿದರು!

"ಶತ್ರು ಮೇಲೆ ಬಿದ್ದರೆ ಏನು ಮಾಡೋಣ ಬುದ್ಧಿ?" ಎಂದು ಕೇಳುವಿರಿ. ಗಡಿ ಕಾಯುವ ಮಕ್ಕಳನ್ನು ನಾವು ನಿಂದಿಸುವುದಿಲ್ಲ. ತಾಯಿಯ ಪ್ರಾಣ ಉಳಿಸಲು ಬೇರೆ ದಾರಿ ಕಾಣದೆ ಗರ್ಭ ತೆಗೆಯುವ ವೈದ್ಯರನ್ನೂ ನಿಂದಿಸುವುದಿಲ್ಲ. ಅದು ಆಪದ್ಧರ್ಮ. ಆದರೆ ಆಪದ್ಧರ್ಮವನ್ನು ಮಾಡಿದವನು ಕಣ್ಣೀರಿಟ್ಟು ಮನೆಗೆ ಬರಬೇಕು. ಮೆರವಣಿಗೆ ಮಾಡಿದ ದಿನ ಅದು ಆಪದ್ಧರ್ಮವಾಗಿ ಉಳಿಯುವುದಿಲ್ಲ, ಚಟವಾಗುತ್ತದೆ.

ಈ ವಿಚಾರ ನಮ್ಮ ದೇಶದಲ್ಲಿ ಮಾತ್ರ ಇದೆಯೆಂದು ತಿಳಿಯಬೇಡಿ. ಅಮೆರಿಕದ ಷಿಕಾಗೋ ನಗರದ ಕ್ರೈಸ್ತ ಧರ್ಮಗುರು ಕಾರ್ಡಿನಲ್ ಜೋಸೆಫ್ ಬರ್ನಾರ್ಡಿನ್ ಅವರು 1983ರ ಡಿಸೆಂಬರಿನಲ್ಲಿ ನ್ಯೂಯಾರ್ಕಿನ ಫೋರ್ಡ್‌ಹ್ಯಾಮ್ ವಿಶ್ವವಿದ್ಯಾಲಯದಲ್ಲಿ ಮಾತನಾಡಿ, ಅಣುಯುದ್ಧ, ಗರ್ಭಪಾತ, ಮರಣದಂಡನೆ ಇವುಗಳನ್ನು ಬೇರೆ ಬೇರೆಯಾಗಿ ನೋಡಬಾರದೆಂದರು. ಜೀವದ ಗೌರವವನ್ನು ಹೊಲಿಗೆಯಿಲ್ಲದ ಅಂಗಿಗೆ ಹೋಲಿಸಿದರು. ಅಲ್ಲಿಯೂ ಬಾಂಬನ್ನು ವಿರೋಧಿಸುವವರು ಗರ್ಭದ ವಿಷಯಕ್ಕೆ ಮೌನಿಗಳು. ಗರ್ಭವನ್ನು ಕಾಯುವವರು ಬಾಂಬಿನ ವಿಷಯಕ್ಕೆ ಮೌನಿಗಳು. ಎರಡು ಕಡೆಯವರಿಗೂ ಆ ಮಾತು ಮುಳ್ಳಾಯಿತು.

ನಮಗೂ ಮುಳ್ಳಾಗಲಿ. ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಮಕ್ಕಳ ಮದುವೆ ಮಾಡಿದ್ದಕ್ಕೆ ಹರಳಯ್ಯ, ಮಧುವರಸರನ್ನು ಎಳೆಹೂಟೆಗೆ ಕಟ್ಟಿಸಿ ಕೊಂದರೆಂದು ಹಿರಿಯರು ಹೇಳುತ್ತಾ ಬಂದಿದ್ದಾರೆ. ಆ ಕತೆಗೆ ಕಣ್ಣೀರಿಡುವ ನಾವೇ, ಮಗಳು ಬೇರೆ ಜಾತಿಯವನನ್ನು ವರಿಸಿದಳೆಂದು ಕೈಯಲ್ಲಿ ಕತ್ತಿ ಹಿಡಿದರೆ ಯಾರ ಪಕ್ಷದವರಾದೆವು?

ಇಂದು ರಾತ್ರಿ ಪೂಜೆಗೆ ಕುಳಿತಾಗ ಒಂದು ಕೆಲಸ ಮಾಡಿ. ಯಾರನ್ನು ಕೊಂದರೆ ಪರವಾಗಿಲ್ಲವೆಂದು ನಿಮ್ಮ ಮನಸ್ಸು ಹೇಳುತ್ತದೆಯೋ ಅವರ ಮುಖವನ್ನು ನೆನೆಯಿರಿ. ಶತ್ರುವೋ, ಸೆರೆಮನೆಯ ಕೈದಿಯೋ, ಹುಟ್ಟದ ಹೆಣ್ಣುಕೂಸೋ, ಓಡಿಹೋದ ಮಗಳೋ. ನಿಮ್ಮ ವ್ರತದ ಎಲ್ಲೆ ಅಲ್ಲಿದೆ. ಆ ಎಲ್ಲೆಯನ್ನು ದಾಟುವ ಬಲವನ್ನು ಪರಶಿವನು ನಿಮಗೆಲ್ಲರಿಗೂ ಕರುಣಿಸಲೆಂದು ಹಾರೈಸಿ ನಮ್ಮ ಮಾತಿಗೆ ಮಂಗಳ ಹಾಡುತ್ತೇವೆ.