ಬಳಚಿನ ದಿಬ್ಬ ಯಾರ ಗುಟ್ಟು?



ವಿಜ್ಞಾನ ಸಂಘಗಳ ಕಾನೂನು ಮತ್ತು ನೈತಿಕ ನೀತಿಯ ಬಗ್ಗೆ ಮಾತಾಡಬೇಕೆಂದು ಹೇಳಿದ್ದೀರಿ. ವಿಷಯಕ್ಕೆ ಕಡತದ ವಾಸನೆ ಇದೆ. ಹಾಗಾಗಿ ಬಳಚು ಎಂಬ ಚಿಪ್ಪುಮೀನಿನ ಕಡೆಯಿಂದ ಶುರುಮಾಡುತ್ತೇನೆ.

ಇಳಿತದ ಹೊತ್ತಿಗೆ ಅಘನಾಶಿನಿ ಅಳಿವೆಯಲ್ಲಿ ದೋಣಿ ನಿಲ್ಲಿಸಿ ನೀರಿಗಿಳಿದವರು ಕಾಲಲ್ಲೇ ತಡಕುತ್ತಾರೆ. ಚಿಪ್ಪು ತಾಗಿದಲ್ಲಿ ಮುಳುಗಿ ಎತ್ತುತ್ತಾರೆ. ಯಾವ ದಿಬ್ಬದಲ್ಲಿ ಮರಿ, ಯಾವುದರಲ್ಲಿ ಬಲಿತದ್ದು, ಮಳೆಗಾಲದ ಸಿಹಿನೀರು ತಗ್ಗಿದ ಮೇಲೆ ಹುಡುಕುವುದು ಎಲ್ಲಿ, ಎಲ್ಲ ಅವರಿಗೆ ಗೊತ್ತು. ಸಂಶೋಧಕರು ಅದೇ ದೋಣಿ ಹತ್ತುತ್ತಾರೆ, ಕೇಳಿ ಬರೆದುಕೊಳ್ಳುತ್ತಾರೆ. ಪ್ರಬಂಧ ಅಚ್ಚಾದರೆ ಹಕ್ಕು ಲೇಖಕರದು, ಇಲ್ಲವೇ ಪ್ರಕಾಶಕರದು. ದೋಣಿಯವರಿಗೆ ಸಿಗುವುದು ಹೆಚ್ಚೆಂದರೆ ಕೊನೆಯಲ್ಲಿ ‘ಸ್ಥಳೀಯ ಮೀನುಗಾರರಿಗೆ ಕೃತಜ್ಞತೆ’.

ಕೃತಿಸ್ವಾಮ್ಯ ಕಾನೂನಿಗೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. 1957ರ ಕಾಯಿದೆ ಕಾಯುವುದು ಬರವಣಿಗೆಯನ್ನು, ಅದರೊಳಗಿನ ಸಂಗತಿಯನ್ನಲ್ಲ. ಆ ಸಂಗತಿಯ ಮಟ್ಟಿಗೆ, 2002ರ ಜೀವವೈವಿಧ್ಯ ಕಾಯಿದೆ ಬಂದ ಮೇಲೆ ಪಂಚಾಯತಿಗೊಂದು ನಿರ್ವಹಣಾ ಸಮಿತಿ, ಊರವರ ತಿಳಿವಳಿಕೆ ಬರೆದಿಡಲು ಜನತಾ ಜೀವವೈವಿಧ್ಯ ದಾಖಲಾತಿ ಬಂದವು. ಈ ದಾಖಲಾತಿಯ ಕಲ್ಪನೆಗೆ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಬಹಳ ದುಡಿದಿದ್ದಾರೆ. ಕಾಯಿದೆ ಪರೀಕ್ಷೆಗೆ ಬಿದ್ದದ್ದು ಬದನೆಕಾಯಿಯಲ್ಲಿ. ಕುಲಾಂತರಿ ಬಿಟಿ ಬದನೆಗೆ ಇಲ್ಲಿನ ತಳಿಗಳನ್ನು ಅನುಮತಿಯಿಲ್ಲದೆ ಬಳಸಲಾಗಿದೆ ಎಂದು 2010ರಲ್ಲಿ ಬೆಂಗಳೂರಿನ ಎನ್ವಿರಾನ್‌ಮೆಂಟ್ ಸಪೋರ್ಟ್ ಗ್ರೂಪ್ ದೂರು ಕೊಟ್ಟಿತು. 2012ರಲ್ಲಿ ವಿಷಯ ಧಾರವಾಡದ ನ್ಯಾಯಾಲಯಕ್ಕೆ ಹೋಯಿತು. ಪಟ್ಟಿಯಲ್ಲಿ ಉಡುಪಿಯ ಬದನೆಯೂ ಇತ್ತು. ಆರೋಪ ಬೀಜದ ಕಂಪನಿಯೊಂದರ ಮೇಲಷ್ಟೇ ಅಲ್ಲ, ಕೃಷಿ ವಿಶ್ವವಿದ್ಯಾಲಯದ ಮೇಲೂ ಇತ್ತು ಎಂಬುದನ್ನು ನಾವು ಬೇಗ ಮರೆತೆವು. ಈ ಕಾಯಿದೆಯ 2023ರ ತಿದ್ದುಪಡಿ ಜೈಲುಶಿಕ್ಷೆ ತೆಗೆದು ದಂಡವನ್ನಷ್ಟೇ ಉಳಿಸಿತು. ನನಗಂತೂ ಇದು ಸಡಿಲಿಕೆಯೇ.

ಹಾಗೆಂದು ತಿಳಿವಳಿಕೆಗೆ ಬೀಗ ಹಾಕಿ ಎನ್ನಲಾರೆ. ಸಿ. ವಿ. ರಾಮನ್ 1934ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಭಾರತೀಯ ವಿಜ್ಞಾನ ಅಕಾಡೆಮಿ ತನ್ನ ಪತ್ರಿಕೆಗಳನ್ನು ಯಾರು ಬೇಕಾದರೂ ಓದುವಂತೆ ಇಟ್ಟಿದೆ, ಒಳ್ಳೆಯದೇ ಆಯಿತು. ಅಘನಾಶಿನಿ ದಡದ ಇದೇ ತದಡಿಗೆ 4000 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರ ಬರುತ್ತದೆಂದಾಗ, ಅಳಿವೆಯಲ್ಲಿ ಏನೇನಿದೆ ಎಂದು ಹೇಳುವ ಬರಹ ಬೇಕಿತ್ತು. 2024ರಲ್ಲಿ ಅಘನಾಶಿನಿ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿ ಸೇರಿತು. ದಾಖಲೆಯಿಲ್ಲದೆ ಅದೂ ಆಗುತ್ತಿರಲಿಲ್ಲ. ಗುಟ್ಟಾಗಿಟ್ಟ ಅಳಿವೆಯನ್ನು ಯೋಜನೆಯವರು ಬರೀ ಕೆಸರೆಂದು ಬರೆದುಕೊಳ್ಳುತ್ತಾರೆ.

ಆದರೆ ಅಳಿವೆಯ ಮಹತ್ವ ಬರೆಯುವುದು ಬೇರೆ, ಬಳಚಿನ ದಿಬ್ಬದ ಅಕ್ಷಾಂಶ-ರೇಖಾಂಶ ಅಚ್ಚು ಹಾಕುವುದು ಬೇರೆ. ನಕ್ಷೆ ಹಿಡಿದು ಮೊದಲು ಬರುವವನು ವಿದ್ಯಾರ್ಥಿಯೇ ಆಗಬೇಕೆಂದಿಲ್ಲ, ಮರಳಿನ ವ್ಯಾಪಾರಿಯೂ ಆಗಬಹುದು. ಹೆಸರಿನ ವಿಷಯವೂ ಅಷ್ಟು ಸುಲಭವಲ್ಲ. ಮಾಹಿತಿ ಕೊಟ್ಟ, ಬಳಚು ತೆಗೆಯುವ ಹೆಂಗಸಿನ ಹೆಸರು ಹಾಕಿದರೆ ಗೌರವ, ನಿಜ. ಆದರೆ ಗುಟ್ಟು ಬಿಟ್ಟುಕೊಟ್ಟವಳೆಂದು ಕೇರಿಯಲ್ಲಿ ಮಾತು ಕೇಳಬೇಕಾಗುವುದೂ ಅವಳೇ. ಹಾಕಬೇಕೋ ಬೇಡವೋ ಎಂಬುದನ್ನು ಅವಳೇ ಹೇಳಬೇಕು. ಅದೂ ಪ್ರಬಂಧ ಬರೆಯುವ ಮೊದಲು, ಕನ್ನಡದಲ್ಲೋ ಕೊಂಕಣಿಯಲ್ಲೋ, ಅವಳಿಗೆ ಅರ್ಥವಾಗುವಂತೆ ಕೇಳಿದ ಮೇಲೆ.

ಲೇಖನ ಕಳಿಸುವವರಿಂದ ನಮ್ಮ ಸಂಘಗಳು ಕೃತಿಚೌರ್ಯ ಮಾಡಿಲ್ಲವೆಂದು ಸಹಿ ಹಾಕಿಸಿಕೊಳ್ಳುತ್ತವೆ. ಅದರ ಕೆಳಗೇ ಇನ್ನೆರಡು ಸಾಲು ಸೇರಿಸಲಿ: ಈ ಮಾಹಿತಿ ಕೊಟ್ಟವರ ಒಪ್ಪಿಗೆ ಪಡೆದಿದ್ದೀರಾ? ಫಲಿತಾಂಶದ ಕನ್ನಡ ಪ್ರತಿಯನ್ನು ಆ ಊರಿನ ಜೀವವೈವಿಧ್ಯ ಸಮಿತಿಗೆ ಕೊಟ್ಟಿದ್ದೀರಾ? ಎರಡಕ್ಕೂ ಹೌದು ಎನ್ನಲಾಗದ ಲೇಖನವನ್ನು ಸಂಪಾದಕರು ವಾಪಸು ಕಳಿಸಲಿ.