ಬೆರಳುಗಳ ಪಿಗ್ಮಿ ಖಾತೆ



ಕಳೆದ ಶ್ರಾವಣದಲ್ಲಿ ಹಿತ್ತಾಳೆ ದೀಪ ಕೊಳ್ಳಲು ಬೇಗಂ ಬಜಾರಿಗೆ ಹೋಗಿದ್ದೆ. ಕೈಗಾಡಿಗೆ ದಾರಿ ಬಿಡುವಾಗ ಜಾರಿಬಿದ್ದು ಬಲ ಮಣಿಕಟ್ಟು ಮುರಿಯಿತು. ಪ್ಲಾಸ್ಟರ್ ಹಾಕಿದ ವೈದ್ಯರು, "ಮೂಳೆ ಕೂಡುತ್ತದೆ, ಬೆರಳು, ಮೊಣಕೈ, ಭುಜ ಆಡಿಸದಿದ್ದರೆ ಅವು ಬಿಗಿದುಕೊಳ್ಳುತ್ತವೆ" ಎಂದರು.

1928ರಲ್ಲಿ ಉಡುಪಿಯಲ್ಲಿ ಶುರುವಾದ ಪಿಗ್ಮಿ ಠೇವಣಿ ನೆನಪಾಯಿತು: ದಿನಕ್ಕೆ ಎರಡಾಣೆ, ತಪ್ಪದೆ. ನಾನೂ ಗಂಟೆಗೊಮ್ಮೆ ಮುಷ್ಟಿ ಬಿಗಿದು ಬಿಡಿಸಿದೆ. ಆರು ವಾರಕ್ಕೆ ಪ್ಲಾಸ್ಟರ್ ತೆಗೆದರು. ಫಿಸಿಯೋಥೆರಪಿ ಮುಗಿಸಿ, ಇಂದು ಅದೇ ಕೈಯಿಂದ ಚೆಕ್ಕಿಗೆ ಸಹಿ ಹಾಕಿದ್ದೇನೆ.

ನನಗೆ ಪಿಂಚಣಿ ಇತ್ತು. ಮೂಟೆ ಹೊರುವ ಹಮಾಲನಿಗೆ ಫಿಸಿಯೋಥೆರಪಿಗೆ ಹೋದ ದಿನ ಕೂಲಿಯಿಲ್ಲ. ಹೋಗದಿದ್ದರೆ ಕೈಯೇ ಬಿಗಿದೀತು. ನಮ್ಮ ವೈದ್ಯಕೀಯ ನಿಧಿ ಆಪರೇಷನ್ನಿಗೆ ಮಾತ್ರವಲ್ಲ, ಆಮೇಲಿನ ಆ ವಾರಗಳಿಗೂ ಒದಗಲಿ. ದಯವಿಟ್ಟು ಕೈ ಜೋಡಿಸಿ.