ಮತಕ್ಷೇತ್ರದ ಗೆರೆಯೂ ನಮ್ಮ ಶಾಲೆಯೂ

(ಕನ್ನಡ ಶಾಲೆಯ ಪಾಲಕರ ಸಭೆಯಲ್ಲಿ ಮಾಡಿದ ಭಾಷಣ)



ಸೋಲಾಪುರ, ಅಕ್ಕಲಕೋಟೆಯ ಕನ್ನಡಿಗರಾದ ನಮಗೆ ಗೆರೆ ಎಂದ ಕೂಡಲೆ 1956ರ ರಾಜ್ಯದ ಗಡಿಯೇ ನೆನಪಾಗುತ್ತದೆ. ಇಂದು ನಾನು ಹೇಳಬೇಕೆಂದಿರುವುದು ಇನ್ನೊಂದು ಗೆರೆಯ ವಿಷಯ. ಅದು ಮತಕ್ಷೇತ್ರದ ಗೆರೆ. ಅದು ಸದ್ದಿಲ್ಲದೆ ಸರಿಯುತ್ತದೆ. ಸರಿದ ಮೇಲೆ ನೋಡಿದರೆ, ನಾವು ಅರ್ಜಿ ಹಿಡಿದು ಹೋಗುತ್ತಿದ್ದ ಬಾಗಿಲೇ ಬದಲಾಗಿರುತ್ತದೆ.

ನಮ್ಮ ಜಿಲ್ಲೆಯಲ್ಲಿ ನಡೆದುದನ್ನೇ ನೋಡಿ. 2004ರಲ್ಲಿ ಸುಭಾಷ ದೇಶಮುಖರು ಸೋಲಾಪುರದ ಖಾಸದಾರರಾಗಿ ಆರಿಸಿ ಬಂದರು. ಆಗ ಅದು ಸಾಮಾನ್ಯ ಕ್ಷೇತ್ರ. ಮುಂದೆ ನ್ಯಾಯಮೂರ್ತಿ ಕುಲದೀಪ ಸಿಂಗರ ಆಯೋಗವು 2001ರ ಜನಗಣತಿಯ ಆಧಾರದ ಮೇಲೆ ಕ್ಷೇತ್ರಗಳನ್ನು ಮತ್ತೆ ವಿಂಗಡಿಸಿತು. 2008ರಲ್ಲಿ ಆದೇಶ ಜಾರಿಗೆ ಬಂದಾಗ ಸೋಲಾಪುರ ಪರಿಶಿಷ್ಟ ಜಾತಿಗೆ ಮೀಸಲಾಯಿತು. ಮೊದಲು ಮೀಸಲಾಗಿದ್ದ ಪಂಢರಪುರ ಲೋಕಸಭಾ ಕ್ಷೇತ್ರ ನಕಾಶೆಯಿಂದಲೇ ಹೋಯಿತು. ಮಾಢಾ ಎಂಬ ಹೊಸ ಕ್ಷೇತ್ರ ಬಂತು.

2009ರಲ್ಲಿ ದೇಶಮುಖರು ಮಾಢಾಕ್ಕೆ ಹೋಗಿ ಶರದ ಪವಾರರೆದುರು ಸೋತರು. ಪಂಢರಪುರದ ಖಾಸದಾರ ರಾಮದಾಸ ಆಠವಲೆಯವರು ಶಿರಡಿಗೆ ಹೋಗಿ ಅಲ್ಲಿ ಸೋತರು. ಸೋಲಾಪುರದಲ್ಲಿ ಸುಶೀಲಕುಮಾರ ಶಿಂದೆಯವರು ಗೆದ್ದರು. ದೇಶಮುಖರು 2014ರಲ್ಲಿ ದಕ್ಷಿಣ ಸೋಲಾಪುರದ ಆಮದಾರರಾಗಿ ಮರಳಿ ಬಂದರು. ಮೀಸಲಾತಿ ನ್ಯಾಯವಾದದ್ದೇ, ನನ್ನ ತಕರಾರು ಅದರ ಮೇಲಿಲ್ಲ. ಆದರೆ ಒಬ್ಬ ಪ್ರತಿನಿಧಿ ಐದು ವರ್ಷ ಮಾಡಿದ ಕೆಲಸಕ್ಕೆ ತನ್ನ ಮತದಾರರಿಂದ ಭೇಷ್ ಎನಿಸಿಕೊಳ್ಳುವ ಅಥವಾ ಬೈಸಿಕೊಳ್ಳುವ ಅವಕಾಶವೇ ಹೀಗೆ ತಪ್ಪಿಹೋಗಬಹುದು.

ಅಮೆರಿಕೆಯಲ್ಲಿ ಇದು ಇನ್ನೂ ಕಠಿಣ. ಅಲ್ಲಿ ಹೆಚ್ಚಿನ ರಾಜ್ಯಗಳಲ್ಲಿ ಶಾಸಕರೇ ಗೆರೆ ಎಳೆಯುತ್ತಾರೆ. ಮೇರಿಲ್ಯಾಂಡಿನ ಕಾನ್ನಿ ಮೊರೆಲ್ಲಾ ಎಂಬ ಮಹಿಳೆ ರಿಪಬ್ಲಿಕನ್ ಪಕ್ಷದವರು, ಆದರೆ ಮಧ್ಯಮ ಮಾರ್ಗದವರು. ಎದುರು ಪಕ್ಷದ ಮತದಾರರೂ ಅವರಿಗೆ ಮತ ಹಾಕುತ್ತಿದ್ದರು. 1987ರಿಂದ ಸಂಸತ್ತಿನಲ್ಲಿದ್ದ ಅವರು, ಎದುರು ಪಕ್ಷದ ಬಹುಮತವಿದ್ದ ಶಾಸನಸಭೆ ಗೆರೆ ಬದಲಿಸಿದ ಮೇಲೆ 2002ರಲ್ಲಿ ಸೋತರು. ನಮ್ಮಲ್ಲಿ ಈ ಕೆಲಸ ಆಯೋಗದ್ದು. ಕುಲದೀಪ ಸಿಂಗರ ಆಯೋಗದಲ್ಲಿ ಖಾಸದಾರ, ಆಮದಾರರು ಸಹಸದಸ್ಯರಾಗಿದ್ದರು. ಮತ ಹಾಕುವ ಹಕ್ಕು ಅವರಿಗಿರಲಿಲ್ಲ.

ಇದರಿಂದ ನಮ್ಮ ಶಾಲೆಗೇನು ಎನ್ನುತ್ತೀರಾ? ದಕ್ಷಿಣ ಸೋಲಾಪುರ ತಾಲೂಕಿನ ವಳಸಂಗ, ಮುಸ್ತಿ ಭಾಗದ ಹಳ್ಳಿಗಳು ಅಕ್ಕಲಕೋಟೆ ಮತಕ್ಷೇತ್ರದಲ್ಲಿವೆ. ತಹಸೀಲಿ ಒಂದು ಕಡೆ, ಆಮದಾರರು ಇನ್ನೊಂದು ಕಡೆ. ನಮ್ಮಲ್ಲಿ ಶಿಕ್ಷಕರ ಜಾಗ ಖಾಲಿ ಬಿದ್ದರೆ, ಕನ್ನಡ ಪುಸ್ತಕ ಬರುವುದು ತಡವಾದರೆ, "ಸಾಹೇಬರಿಗೆ ಗೊತ್ತಿದೆ, ಮಾಡುತ್ತಾರೆ" ಎಂದು ಸುಮ್ಮನೆ ಕೂಡುವ ರೂಢಿಯಿದೆ. ಸಾಹೇಬರ ಕ್ಷೇತ್ರ ಬದಲಾದರೆ ಆ ಮಾತೂ ಅವರೊಡನೆ ಹೋಗುತ್ತದೆ. ಬರಹದಲ್ಲಿದ್ದದ್ದು ಉಳಿಯುತ್ತದೆ.

ನಮ್ಮ ಹಕ್ಕು ಯಾವ ಆಮದಾರರ ಕೃಪೆಯದೂ ಅಲ್ಲ. ಮಾತೃಭಾಷೆಯಲ್ಲಿ ಪ್ರಾಥಮಿಕ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂಬ 350-ಎ ಕಲಮು 1956ರಲ್ಲಿಯೇ ಸಂವಿಧಾನಕ್ಕೆ ಸೇರಿತು. ಶಾಲೆಯಲ್ಲಿ 40 ಅಥವಾ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಕಲಿಸಬೇಕೆಂದು 1949ರ ಶಿಕ್ಷಣ ಮಂತ್ರಿಗಳ ಸಮ್ಮೇಳನ ಒಪ್ಪಿಕೊಂಡಿತ್ತು. ಅಂದರೆ ನಮ್ಮ ಆಧಾರ ಪಟದ ಮೇಲಿನ ಮಕ್ಕಳ ಹೆಸರು.

84ನೆಯ ತಿದ್ದುಪಡಿ ಲೋಕಸಭೆ, ವಿಧಾನಸಭೆಗಳ ಸ್ಥಾನಗಳ ಸಂಖ್ಯೆಯನ್ನು 2026ರ ನಂತರದ ಮೊದಲ ಜನಗಣತಿಯವರೆಗೆ ತಡೆದಿಟ್ಟಿತು. ಆದುದರಿಂದ ಗೆರೆ ಮತ್ತೆ ಸರಿಯುವ ಕಾಲ ಬಂದೇ ಬರುತ್ತದೆ. ಅದಕ್ಕೆ ಮೂರು ಕೆಲಸ ಮಾಡೋಣ.

ಒಂದು, ಜನಗಣತಿಯವರು ಬಂದಾಗ ಮಾತೃಭಾಷೆ ಕನ್ನಡವೆಂದು ಹೇಳಿ ಬರೆಸಿರಿ. ಊರಲ್ಲಿ ಮರಾಠಿ ಚೆನ್ನಾಗಿ ಆಡುತ್ತೇವೆ ಎಂಬ ಕಾರಣಕ್ಕೆ ಅದನ್ನು ಬಿಡಬೇಡಿ. ಆಡುವ ಇತರ ಭಾಷೆಗೆ ಬೇರೆ ಕಾಲಮು ಇರುತ್ತದೆ.

ಎರಡು, ಶಾಲೆಯ ಬೇಡಿಕೆಗಳನ್ನು ಅರ್ಜಿಯಾಗಿಯೇ ಕೊಟ್ಟು, ಪ್ರತಿಯ ಮೇಲೆ ಕಚೇರಿಯ ಸಿಕ್ಕೆ ಹಾಕಿಸಿಕೊಂಡು ಶಾಲೆಯಲ್ಲಿಡಿರಿ. ಹೊಸಬರು ಬಂದರೆ ಅದನ್ನೇ ಮುಂದಿಡಬಹುದು.

ಮೂರು, ವಿಂಗಡಣೆಯ ಕರಡು ಬಂದಾಗ ಓದಿರಿ. 2002ರ ಕಾಯಿದೆಯಲ್ಲಿ ಕರಡನ್ನು ರಾಜಪತ್ರದಲ್ಲಿ ಪ್ರಕಟಿಸಿ, ಆಕ್ಷೇಪಣೆ ಪಡೆದು, ಬಹಿರಂಗ ಸಭೆ ನಡೆಸುವ ಕ್ರಮವಿತ್ತು. ಅದರಲ್ಲಿ ಭೂಗೋಳ, ಆಡಳಿತದ ಮೇರೆ, ಸಂಪರ್ಕ, ಜನರ ಅನುಕೂಲ ಇವುಗಳ ಮಾತಿತ್ತು, ಭಾಷೆಯ ಹೆಸರಿರಲಿಲ್ಲ. ಕನ್ನಡ ಹಳ್ಳಿಗಳನ್ನು ಒಡೆಯಬೇಡಿ ಎಂದು ನಾವಾಗಿ ಹೇಳದಿದ್ದರೆ ಯಾರೂ ಕೇಳಿ ಬರುವುದಿಲ್ಲ. ಅಂತಿಮ ಆದೇಶವಾದ ಮೇಲೆ ಬದಲಿಸುವುದು ಬಹಳ ಕಷ್ಟ.

ಆರಿಸಿ ಬಂದವರು ಯಾರೇ ಇರಲಿ, ನಮ್ಮ ಮಕ್ಕಳು ನಾಳೆಯೂ ಇದೇ ಶಾಲೆಗೆ ಬರುವವರು. ಅವರ ಪರವಾಗಿ ಬರೆಯುವ ಕೆಲಸ ನಮ್ಮದು.